ಮೂಗಿನ ಮೂಳೆಯೆಂಬ ಗುಮ್ಮ

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆ ನಮ್ಮ ಹಿರಿಯರದು. ಆದರೆ ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರಲ್ಲಿ ಮೂಗಿನ ವಿಷಯಕ್ಕೆ ಎರಡು ಪಕ್ಷಗಳಾಗಿವೆ. ಒಂದು ಪಕ್ಷದವರು, "ಆಪರೇಶನ್ ಮಾಡಿಸಿಬಿಡಿ, ನೆಗಡಿ, ಸೀನು, ಗೊರಕೆ, ತಲೆನೋವು ಎಲ್ಲ ಒಂದೇ ಏಟಿಗೆ ಹೋಗುತ್ತದೆ" ಎನ್ನುತ್ತಾರೆ. ಇನ್ನೊಂದು ಪಕ್ಷದವರು, "ಅದರ ತಂಟೆಗೇ ಹೋಗಬೇಡಿ, ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ" ಎಂದು ಹೆದರಿಸುತ್ತಾರೆ. ವಿಚಿತ್ರವೆಂದರೆ ಎರಡೂ ಪಕ್ಷಗಳಿಗೆ ಆಧಾರ ಒಂದೇ ಮಾತು: "ಮೂಗಿನಲ್ಲಿ ಮೂಳೆ ಬೆಳೆದಿದೆ." ಈ ಮಾತನ್ನು ಮೊದಲು ನಮ್ಮ ಮನೆಗಳಿಂದ ಹೊರಗೆ ಹಾಕಬೇಕೆಂಬುದು ನನ್ನ ವಾದ.

ಮೂಗಿನೊಳಗೆ ಏನಿದೆ ಎಂಬುದನ್ನು ನೋಡೋಣ. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆಯಿದೆ. ಅದರ ಮುಂಭಾಗ ಮೃದ್ವಸ್ಥಿ, ಹಿಂಭಾಗ ತೆಳುವಾದ ಎಲುಬು. ಈ ಗೋಡೆ ಹುಟ್ಟಿನಿಂದಲೋ ಪೆಟ್ಟಿನಿಂದಲೋ ಒಂದು ಕಡೆಗೆ ವಾಲಿರಬಹುದು. ಅಲ್ಪಸ್ವಲ್ಪ ಸೊಟ್ಟಗಿರುವ ಗೋಡೆ ಎಷ್ಟೋ ಜನರಿಗಿದೆ; ಅವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಇನ್ನು, ಪಕ್ಕದ ಗೋಡೆಗಳಿಂದ ಚಾಚಿಕೊಂಡ ದಿಂಡುಗಳಿವೆ. ಡಾಕ್ಟರರು ಇವನ್ನು ಟರ್ಬಿನೇಟ್ ಎನ್ನುತ್ತಾರೆ. ಒಳಗೆ ಎಲುಬು, ಮೇಲೆ ರಕ್ತನಾಳ ತುಂಬಿದ ಮೆತ್ತನೆಯ ಹೊದಿಕೆ. ನಾವು ಎಳೆದುಕೊಳ್ಳುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ತಡೆದು ಒಳಗೆ ಬಿಡುವುದು ಇವುಗಳ ಕೆಲಸ. ಅಲರ್ಜಿಯಾದಾಗ, ನೆಗಡಿಯಾದಾಗ ಬಾತುಕೊಳ್ಳುವುದು ಈ ಹೊದಿಕೆ. ಹೆಚ್ಚಿನ ಮನೆಗಳಲ್ಲಿ "ಮೂಳೆ ಬೆಳೆದಿದೆ" ಎಂದು ಹೇಳುವುದು ಒಂದೋ ವಾಲಿದ ಗೋಡೆಗೆ, ಇಲ್ಲವೇ ಈ ಬಾವಿಗೆ. ಗೋಡೆ ಬೇರೆ, ಬಾವು ಬೇರೆ. ಗೋಡೆಯನ್ನು ಯಾವ ಔಷಧಿಯೂ ನೆಟ್ಟಗೆ ಮಾಡಲಾರದು. ಅಲರ್ಜಿಯನ್ನು ಯಾವ ಚಾಕುವೂ ಕತ್ತರಿಸಿ ತೆಗೆಯಲಾರದು. ಇಷ್ಟು ತಿಳಿದರೆ ಅರ್ಧ ಜಗಳ ಮುಗಿಯಿತು.

ಒಮ್ಮೆ ಬಲ, ಒಮ್ಮೆ ಎಡ ಎಂದು ಮೂಗು ಕಟ್ಟುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಕೆಲವು ಗಂಟೆಗಳಿಗೊಮ್ಮೆ ಒಂದು ಕಡೆಯ ದಿಂಡು ಉಬ್ಬಿ ಇನ್ನೊಂದು ಕುಗ್ಗುವುದು ಆರೋಗ್ಯವಂತರ ದೇಹಧರ್ಮ. 1895ರಷ್ಟು ಹಿಂದೆಯೇ ಜರ್ಮನಿಯ ಕೈಸರ್ ಎಂಬ ವೈದ್ಯ ಇದನ್ನು ಬರೆದಿಟ್ಟಿದ್ದಾನೆ. ಇದಕ್ಕೆಲ್ಲ ಆಪರೇಶನ್ ಬೇಕೆ?

ಮೊದಲು ಆಪರೇಶನ್ ಪಕ್ಷದವರಿಗೆ ಒಂದು ಮಾತು. ಬೆಳಿಗ್ಗೆ ಎದ್ದೊಡನೆ ಹತ್ತು ಸೀನು, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ತುರಿಕೆ ಇದ್ದರೆ ಅದು ಬಹುಮಟ್ಟಿಗೆ ಅಲರ್ಜಿ. ಹಾಸಿಗೆಯ ಧೂಳು, ಜಿರಳೆ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಇವು ಅದರ ತವರುಮನೆ. ನಮ್ಮ ಒಂದು ಕೋಣೆಯ ಮನೆಗಳಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದು ದೇಶವೆಲ್ಲ ಹಬ್ಬಿದ ಕಾಂಗ್ರೆಸ್ ಹುಲ್ಲಿನ ಪರಾಗವೂ ಮೂಗಿನ ಅಲರ್ಜಿ ತರುತ್ತದೆಂದು ಬೆಂಗಳೂರಿನಲ್ಲಿ ನಡೆದ ಸಂಶೋಧನೆ ತೋರಿಸಿದೆ. ಇಂಥವರ ಗೋಡೆ ನೆಟ್ಟಗೆ ಮಾಡಿದರೂ ಸೀನು ನಿಲ್ಲದು. ಗೊರಕೆಯ ಕಥೆಯೂ ಅಷ್ಟೆ. ನಿದ್ದೆಯಲ್ಲಿ ಉಸಿರು ನಿಂತುನಿಂತು ಬರುವ ಕಾಯಿಲೆ ಮೂಗಿನ ಆಪರೇಶನ್ ಒಂದರಿಂದಲೇ ಗುಣವಾಗುವುದು ಅಪರೂಪ. ಅದರ ತಡೆ ಹೆಚ್ಚಾಗಿ ಗಂಟಲಿನಲ್ಲಿರುತ್ತದೆ. ದಿಂಡುಗಳನ್ನು ಅತಿಯಾಗಿ ಕತ್ತರಿಸಿ ತೆಗೆದ ಕೆಲವರಿಗಂತೂ ಮೂಗು ಖಾಲಿ ಇದ್ದರೂ ಉಸಿರು ಸಾಲದೆನಿಸುವ ಯಾತನೆ ಬರುತ್ತದೆ. 1994ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಅದಕ್ಕೆ 'ಖಾಲಿ ಮೂಗಿನ ಕಾಯಿಲೆ' ಎಂದೇ ಹೆಸರಿಟ್ಟರು. ಕತ್ತರಿಸಿದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ, ನೆನಪಿರಲಿ.

ಇನ್ನು ಹೆದರಿಸುವ ಪಕ್ಷದವರು. ಇವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. 1902ರಲ್ಲಿ ಅಮೆರಿಕದ ಫ್ರೀರ್, 1904ರಲ್ಲಿ ಜರ್ಮನಿಯ ಕಿಲಿಯನ್ ಪ್ರಕಟಿಸಿದ ಹಳೆಯ ವಿಧಾನದಲ್ಲಿ ನಡುಗೋಡೆಯ ದೊಡ್ಡ ಭಾಗವನ್ನೇ ತೆಗೆಯುತ್ತಿದ್ದರು. ಕೆಲವರಿಗೆ ಗೋಡೆ ತೂತಾಗುತ್ತಿತ್ತು, ಕೆಲವರ ಮೂಗಿನ ಬೆನ್ನು ಕುಸಿಯುತ್ತಿತ್ತು. ಕಳೆದ ಶತಮಾನದ ನಡುವಿನಲ್ಲಿ ಕಾಟಲ್ ಮೊದಲಾದವರು ಆಧಾರದ ಭಾಗವನ್ನು ಉಳಿಸಿಕೊಂಡು ಗೋಡೆಯನ್ನು ನೇರ ಮಾಡುವ ಕ್ರಮವನ್ನು ಬೆಳೆಸಿದರು. ಇಂದು ನಡೆಯುವುದು ಹೆಚ್ಚಾಗಿ ಅದೇ. ರಕ್ತಸ್ರಾವ, ಸೋಂಕು, ತೂತು ಇವುಗಳ ಅಪಾಯ ಈಗಲೂ ಸೊನ್ನೆಯಲ್ಲ. ಆದರೆ ಫಲ? 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಹಾಲೆಂಡಿನ ಪರೀಕ್ಷೆಯಲ್ಲಿ 18 ಆಸ್ಪತ್ರೆಗಳ 203 ಜನರನ್ನೂ, 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಬ್ರಿಟನ್ನಿನ ಪರೀಕ್ಷೆಯಲ್ಲಿ 378 ಜನರನ್ನೂ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ಗೋಡೆ ವಾಲಿ ನಿಜಕ್ಕೂ ಉಸಿರಿಗೆ ಕಷ್ಟಪಡುತ್ತಿದ್ದವರಲ್ಲಿ, ಆಪರೇಶನ್ ಆದವರು ಆಗದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದರು. ವರ್ಷಗಟ್ಟಲೆ ಒಂದೇ ಹೊಳ್ಳೆ ಮುಚ್ಚಿ, ರಾತ್ರಿಯೆಲ್ಲ ಬಾಯಿ ತೆರೆದು ಮಲಗಿ, ಒಣಗಿದ ಗಂಟಲಿನಿಂದ ಏಳುವ ಮನುಷ್ಯನಿಗೆ "ಮುಟ್ಟಬೇಡ" ಎನ್ನುವುದು ಯಾವ ಹಿತವಚನ?

ಇವೆರಡೂ ಪಕ್ಷಗಳಿಗೆ ಸೇರದ ಮೂರನೆಯವರು ಜೇಬಿನಲ್ಲಿ ಸಣ್ಣ ಶೀಶೆ ಇಟ್ಟುಕೊಂಡು ಲೋಕಲ್ ಗಾಡಿಯಲ್ಲಿಯೂ ಮೂಗಿಗೆ ಹನಿ ಬಿಟ್ಟುಕೊಳ್ಳುತ್ತಾರೆ. ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಎಂಬ ಈ ಹನಿಗಳು ಕ್ಷಣದಲ್ಲಿ ಮೂಗು ಬಿಡಿಸುತ್ತವೆ, ನಿಜ. ಆದರೆ ಒಂದು ವಾರಕ್ಕಿಂತ ಹೆಚ್ಚು ಬಳಸಿದರೆ ಹನಿಯೇ ಮೂಗು ಕಟ್ಟಿಸತೊಡಗುತ್ತದೆ. ಬಿಡಿಸಲು ಮತ್ತೆ ಹನಿ! ಡಾಕ್ಟರರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಇದಕ್ಕಿಂತ ಬೇರೆ. ಅದು ದಿನವೂ ಬಳಸಿ ವಾರಗಟ್ಟಲೆ ಕಾಯಬೇಕಾದ ಔಷಧಿ. ನಮ್ಮವರು ಅದನ್ನು ಮೂರು ದಿನ ಹಾಕಿ, "ಏನೂ ಉಪಯೋಗವಿಲ್ಲ" ಎಂದು ಮೂಲೆಗೆಸೆದು, ನೇರವಾಗಿ ಆಪರೇಶನ್ ವಿಚಾರಿಸಲು ಹೊರಡುತ್ತಾರೆ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾಯಿಯಿಂದ ಉಸಿರಾಡುವ, ಗೊರಕೆ ಹೊಡೆಯುವ ಮಗುವಿಗೆ ಹೆಚ್ಚಾಗಿ ತಡೆಯಿರುವುದು ನಡುಗೋಡೆಯಲ್ಲಿ ಅಲ್ಲ. ಅಲರ್ಜಿಯ ಬಾವಿನಲ್ಲಿ, ಇಲ್ಲವೇ ಮೂಗಿನ ಹಿಂದಿರುವ ಅಡೆನಾಯ್ಡ್ ಗಡ್ಡೆಯಲ್ಲಿ. ಅಡೆನಾಯ್ಡ್ ವಯಸ್ಸು ಬೆಳೆದಂತೆ ತಾನೇ ಕುಗ್ಗುವುದುಂಟು. ನಿದ್ದೆಯಲ್ಲಿ ಉಸಿರು ನಿಲ್ಲಿಸುವಷ್ಟಿದ್ದರೆ ತೆಗೆಸಬೇಕಾಗುವುದೂ ಉಂಟು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಕಡಲೆಯೋ ಮಣಿಯೋ ಸಿಕ್ಕಿರಬಹುದು. ದೊಡ್ಡವರಿಗೆ ಒಂದೇ ಕಡೆ ಕಟ್ಟಿ ಮೇಲಿಂದಮೇಲೆ ರಕ್ತ ಬಂದರೆ ಕಷಾಯ ಕುಡಿಯುತ್ತ ಕೂಡಬಾರದು. ಆ ವಾರವೇ ತೋರಿಸಬೇಕು.

ನಮ್ಮಂಥ ಪರಊರಿನವರಿಗೆ ಬೇರೆ ತಾಪತ್ರಯಗಳೂ ಇವೆ. ಮೇ ರಜೆಯಲ್ಲಿ ಊರಿಗೆ ಹೋಗಿ ಅಲ್ಲಿ ಆಪರೇಶನ್ ಮಾಡಿಸಿ, ವಾರ ತುಂಬುವುದರೊಳಗೆ ಗಾಡಿ ಹತ್ತಿ ಬರುವ ಪದ್ಧತಿ ಬೆಳೆದಿದೆ. ಅಜ್ಜಿಯ ಆರೈಕೆ ಸಿಗುತ್ತದೆ, ಸರಿ. ಆದರೆ ಆಪರೇಶನ್ ಆದಮೇಲೆ ಒಳಗೆ ಕಟ್ಟುವ ಹಕ್ಕಳೆಯನ್ನು ನೋಡಿ ಶುಚಿಗೊಳಿಸುವವರು ಯಾರು? ಕೊಯ್ದ ಡಾಕ್ಟರು ಅಲ್ಲಿ, ಮೂಗು ಇಲ್ಲಿ! ಇನ್ನು ಕೆಲವರು ಮೆಡಿಕ್ಲೇಮಿನ ಕಾಯುವ ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಸೇರುತ್ತಾರೆ. ಹಣ ಬರುತ್ತದೆಂಬುದು ಆಪರೇಶನ್ನಿಗೆ ಅನುಕೂಲವೇ ಹೊರತು ಕಾರಣವಲ್ಲ. ಇನ್ನು ನಮ್ಮ ತಾಯಂದಿರು ಹಿಂದಿಯಲ್ಲಿ "ನಾಕ್ ಬಂದ್" ಎಂಬೆರಡು ಮಾತಿಗೆ ನಿಲ್ಲುತ್ತಾರೆ. ಯಾವ ಹೊಳ್ಳೆ, ಎಷ್ಟು ವರ್ಷದಿಂದ, ಮಲಗಿದಾಗಲೋ ಧೂಳಿಗೋ ಎಂದು ವಿವರಿಸಲು ಭಾಷೆ ಸಾಲುವುದಿಲ್ಲ. ಅರ್ಧ ಕೇಳಿದ ಕಾಯಿಲೆಗೆ ಪೂರ್ತಿ ಚಿಕಿತ್ಸೆ ಎಲ್ಲಿಂದ ಬರಬೇಕು?

"ನೀವೇನು ಡಾಕ್ಟರೇ?" ಎಂದು ಕೆಲವರು ಕೇಳಬಹುದು. ಅಲ್ಲ. ಆದರೆ ಮೂಗು ನಮ್ಮದು. ಕೇಳುವ ಹಕ್ಕೂ ನಮ್ಮದು. ಆಪರೇಶನ್ ಎಂದೊಡನೆ ನಾಲ್ಕು ಪ್ರಶ್ನೆ ಕೇಳಿ: ನನ್ನ ತಡೆ ಗೋಡೆಯದೋ ಬಾವಿನದೋ? ದುರ್ಬೀನು ಹಾಕಿ ಒಳಗೆ ನೋಡಿದಿರಾ? ಔಷಧಿಯನ್ನು ಕ್ರಮವಾಗಿ ಬಳಸಿ ನೋಡಿದ್ದಾಯಿತೇ? ದಿಂಡನ್ನು ಕುಗ್ಗಿಸುವಿರೋ ತೆಗೆಯುವಿರೋ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ನಮ್ಮ ಸಂಘಗಳಿಗೂ ಒಂದು ಮಾತು. ನಾಟಕ, ಸಂಗೀತ, ಹಳದಿ-ಕುಂಕುಮ ಎಲ್ಲವೂ ಇರಲಿ. ವರ್ಷಕ್ಕೆರಡು ಭಾನುವಾರ ಕನ್ನಡ ಬಲ್ಲ ಕಿವಿ-ಮೂಗು-ಗಂಟಲಿನ ಡಾಕ್ಟರರನ್ನು ಸಭಾಗೃಹಕ್ಕೆ ಕರೆಸಿ, ನಮ್ಮ ಅಜ್ಜಿ, ತಾಯಂದಿರು ತಮ್ಮ ಮಾತಿನಲ್ಲೇ ಕಷ್ಟ ಹೇಳಿಕೊಳ್ಳುವಂತೆ ಮಾಡಲಿ. ಆಸ್ಪತ್ರೆಗೆ ಜೊತೆಗೆ ಹೋಗುವ ನಾಲ್ಕು ಜನ ಯುವಕ ಯುವತಿಯರ ಹೆಸರು ನೋಟೀಸ್ ಬೋರ್ಡಿನಲ್ಲಿರಲಿ. ಕನ್ನಡದ ಸೇವೆ ಎಂದರೆ ಇದೂ ಹೌದು.