ಬೆಳೆ ಕಾಯಲು ಬಂದೂಕು: ಬೇಕೆ, ಬೇಡವೆ?

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಸುತ್ತಲಿನ ರೈತ ಬೆಳೆ ಕಾಯಲು ಹೊಸ ಬಂದೂಕು ಕೊಳ್ಳಬೇಕೆ? ಕೊಂಡರೆ ಮದ್ದುಗುಂಡಿನ ಖರ್ಚು ತಾಳೀತೆ? ಎರಡೂ ಪಕ್ಷವನ್ನು ಒಬ್ಬನೇ ಬರೆದಿದ್ದೇನೆ. ತೂಕ ಎತ್ತ ವಾಲಿದೆ ಎಂಬುದನ್ನು ಮುಚ್ಚಿಡುವ ಪ್ರಯತ್ನ ಮಾಡಿಲ್ಲ.

ಪರ

ಗೋವಿನಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಬರುತ್ತವೆ. ತಿನ್ನುವುದು ಸ್ವಲ್ಪ, ಕೆಡವುವುದು ಬಹಳ. ಮುರಿದ ದಂಟು ಮತ್ತೆ ಏಳುವುದಿಲ್ಲ, ಮಳೆ ನಂಬಿದ ಹೊಲಕ್ಕೆ ಎರಡನೆಯ ಬೆಳೆಯೂ ಇಲ್ಲ. ಡಬ್ಬ ಬಡಿಯಿರಿ, ಹಳೇ ಸೀರೆ ಕಟ್ಟಿರಿ ಎಂದು ಬುದ್ಧಿ ಹೇಳುವವರು ಒಂದು ವಾರ ಹೊಲದಲ್ಲಿ ಮಲಗಿ ನೋಡಲಿ. ಸೀರೆಗೆ ಹಂದಿ ಅಂಜುವುದು ಕೆಲವೇ ದಿನ.

ಬಂದೂಕು ಎಂದ ಕೂಡಲೇ ಬೇಟೆಯ ಶೋಕಿ ಎಂದು ಮೂಗು ಮುರಿಯಬೇಕಿಲ್ಲ. ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆ ರಕ್ಷಣೆಯ ಹೆಸರಿನಲ್ಲಿ ಗುರುತಿಸಿದೆ. ಬೇಟೆಯನ್ನು ಪಾಪವೆಂದ ಸೀಮೆಯೂ ಇದಲ್ಲ. ಈ ಗುಡ್ಡದ ದೇವರು ಮಾಲತೇಶ; ಅವನ ಭಕ್ತರಾದ ಗೊರವರು ಅವನ ಬೇಟೆನಾಯಿಗಳಂತೆ ಬೊಗಳಿ ದೋಣಿ ಎಂಬ ಪಾತ್ರೆಯ ಎಡೆ ತಿನ್ನುತ್ತಾರೆ. ದಸರೆಯಲ್ಲಿ ಕಾರಣಿಕ ನುಡಿಯುವ ಗೊರವಪ್ಪ ಏರುವುದೂ ಬಿಲ್ಲನ್ನೇ.

ಖರ್ಚಿನ ಮಾತಿಗೆ ಬರೋಣ. ತೋಟಾ ಹಾಕುವ ಬಂದೂಕಾದರೆ ಪ್ರತಿ ಈಡಿಗೂ ಅಂಗಡಿಯ ತೋಟಾ ಬೇಕು, ಹಾರಿಸಿದ ಮೇಲೆ ಉಳಿಯುವುದು ಖಾಲಿ ಕೊಳವೆ. ಅಮೆರಿಕದ ಬೇಟೆಗಾರರು ಆ ಖಾಲಿ ಕೊಳವೆಗೆ ಮನೆಯಲ್ಲೇ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಖರ್ಚು ಇಳಿಸಿಕೊಳ್ಳುತ್ತಾರೆ. ನಳಿಗೆಯ ಬಾಯಿಂದ ತುಂಬುವ ಕೇಪಿನ ಬಂದೂಕಿಗೆ ಆ ಕಸರತ್ತೇ ಬೇಡ. ಅದರ ಪ್ರತಿ ಈಡನ್ನೂ ಕೈಯಿಂದಲೇ ತುಂಬಬೇಕು. ಪರವಾನಗಿ ತೋರಿಸಿ ಮದ್ದು, ಚರೆ, ಕೇಪು ಬೇರೆಬೇರೆಯಾಗಿ ಕೊಂಡರಾಯಿತು. ಚರೆ ಹಾಕದೆ ಬರೀ ಮದ್ದು ಹಾರಿಸಿದರೂ ಹಿಂಡು ಓಡುತ್ತದೆ. ಸದ್ದೇ ಸಾಕಾದಲ್ಲಿ ಕೊಲ್ಲುವ ಮಾತೆಲ್ಲಿ?

ಬಂದೂಕು ಇಲ್ಲವೆಂದರೆ ರೈತ ಕೈಕಟ್ಟಿ ಕೂರುತ್ತಾನೆಯೆ? ತಂತಿಗೆ ಕರೆಂಟು ಬಿಡುತ್ತಾನೆ, ಉರುಳು ಒಡ್ಡುತ್ತಾನೆ, ಸಿಡಿಮದ್ದಿನ ಉಂಡೆ ಇಡುತ್ತಾನೆ. ಕರೆಂಟಿನ ತಂತಿಗೆ ಹಂದಿಯೂ ಒಂದೇ, ರಾತ್ರಿ ನೀರು ಹಾಯಿಸಲು ಬಂದ ನೆರೆಹೊಲದವನೂ ಒಂದೇ. ಉಂಡೆ ಕಚ್ಚಿದ ಆಕಳ ದವಡೆಯೇ ಒಡೆದುಹೋಗುತ್ತದೆ. ಬಂದೂಕಿಗಾದರೆ ಪರವಾನಗಿಯಿದೆ, ಐದು ವರ್ಷಕ್ಕೊಮ್ಮೆ ನವೀಕರಣವಿದೆ, ಕೇಳಿದರೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯನಿದ್ದಾನೆ.

ವಿರೋಧ

ದೇವರನ್ನು ಸಾಕ್ಷಿಗೆ ಕರೆಯುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಅವನನ್ನು ಕೇಳಿ ಬರೆದಿಲ್ಲ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಪ್ರಾಣಿಯ ಮೇಲೆ ಹಾರಿಸುವ ಅನುಮತಿ ಬೇರೆ. ಬೆಳೆಗೆ ಬಿದ್ದ ಹಂದಿಯನ್ನೂ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರಿಂದ ಅಧಿಕಾರ ಪಡೆದವರೋ ಲಿಖಿತ ಆದೇಶ ಕೊಟ್ಟ ಮೇಲೆಯೇ ಹೊಡೆಯಬೇಕು. ಹೊಡೆದ ಮೇಲೆ ಅದರ ದೇಹ ಸರ್ಕಾರದ ಸ್ವತ್ತು. ಮದ್ದು ನಿಮ್ಮದು, ಕೆಟ್ಟ ನಿದ್ದೆ ನಿಮ್ಮದು, ಹಂದಿ ಮಾತ್ರ ಸರ್ಕಾರದ್ದು.

ಈ ಭಾಗದಲ್ಲಿ ಇನ್ನೂ ಒಂದು ತೊಡಕಿದೆ. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ಹರವಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಇದೇ ತಾಲ್ಲೂಕಿನದು. ಯಾವುದೇ ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ಹೊಸ ಬಂದೂಕಿನ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಮೊದಲೇ ಒಪ್ಪಿರಬೇಕು. ಚಿಗರಿ, ಅಂದರೆ ಕೃಷ್ಣಮೃಗ, ಹೆಚ್ಚು ಕಾಡುವ ಊರುಗಳೆಲ್ಲ ಈ ಗೆರೆಯೊಳಗೇ ಬೀಳುತ್ತವೆ.

ಚಿಗರಿಯ ವಿಷಯವೇ ನನ್ನನ್ನು ಹೆಚ್ಚು ಹೆದರಿಸುವುದು. ತೆನೆಗೆ ಬರುವುದು ಹಂದಿ, ಸರಿ. ಮಿರಗದ ಮಳೆಗೆ ಬಿತ್ತಿದ್ದು ಎಲೆ ಬಿಟ್ಟಾಗ ಮೇಯಲು ಬರುವುದು ಚಿಗರಿ. ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 1998ರಲ್ಲಿ ಜೋಧಪುರದ ಕಡೆ ನಡೆದ ಕೃಷ್ಣಮೃಗ ಬೇಟೆಯ ಪ್ರಕರಣದಲ್ಲಿ ಸಲ್ಮಾನ್ ಖಾನ್‌ಗೆ ಐದು ವರ್ಷದ ಶಿಕ್ಷೆಯಾದದ್ದು 2018ರಲ್ಲಿ. ಇಪ್ಪತ್ತು ವರ್ಷ ವಕೀಲರನ್ನಿಟ್ಟು ಹೋರಾಡುವ ತಾಕತ್ತು ಸಿನಿಮಾ ನಟನಿಗೆ ಇರಬಹುದು, ನಾಲ್ಕು ಎಕರೆಯವನಿಗಿಲ್ಲ. ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹೊಳೆಯುವ ಎರಡು ಕಣ್ಣು ಯಾರವೆಂದು ನಿದ್ದೆಗಣ್ಣಿನವನು ಹೇಗೆ ತೀರ್ಮಾನಿಸಬೇಕು? ಅವು ಕಾವಲಿಗೆ ಬಂದ ಪಕ್ಕದ ಹೊಲದವರ ನಾಯಿಯವೂ ಆಗಿರಬಹುದು.

ರೈಫಲ್ ಕೊಳ್ಳುವ ಆಸೆಯಿದ್ದವರಂತೂ ಅದನ್ನು ಬಿಡಬೇಕು. .315 ರೈಫಲ್‌ನ ಗುಂಡು ಗುರಿ ತಪ್ಪಿದರೆ ಕಿಲೋಮೀಟರಿನಾಚೆಗೂ ಹೋಗುತ್ತದೆ. ಹೊಲಕ್ಕೆ ಹೊಲ, ಊರಿಗೆ ಊರು ಹತ್ತಿಕೊಂಡಿರುವ ಬಯಲಿನಲ್ಲಿ ಅದನ್ನು ತಡೆಯುವುದು ಏನಿದೆ? ಖಾಲಿ ತೋಟಾವನ್ನು ಮನೆಯಲ್ಲಿ ತುಂಬುವ ಅಮೆರಿಕದ ಉಳಿತಾಯವೂ ನಮಗೆ ಒದಗದು. ಇಲ್ಲಿ ಮದ್ದುಗುಂಡು ತಯಾರಿಸಲು ಬೇರೆ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಏಳು ವರ್ಷದ ಶಿಕ್ಷೆ.

ಬರೀ ಸದ್ದು ಸಾಕು ಎನ್ನುವ ವಾದ ಕೇಳಲು ಹಿತವಾಗಿದೆ. ಸೀರೆಗೆ ಒಗ್ಗಿದ ಹಂದಿ ಸದ್ದಿಗೆ ಒಗ್ಗದೆ ಇರುತ್ತದೆಯೆ? ನಾಲ್ಕನೆಯ ರಾತ್ರಿ ಹಿಂಡು ಕದಲದಿದ್ದಾಗ ಚರೆ ತುಂಬಲು ಕೈ ತಾನಾಗಿ ಹೋಗುತ್ತದೆ. ಇಷ್ಟಾಗಿಯೂ ಬಂದೂಕು ಬೇಕಾದ ದಿನ ಮನೆಯಲ್ಲಿರುತ್ತದೆಂಬ ಖಾತ್ರಿಯಿಲ್ಲ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಯಲ್ಲಿ ಇಡಿಸುತ್ತಾರೆ. 2024ರಲ್ಲಿ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೂ ಇತ್ತು, ಅಂದರೆ ಬಿತ್ತನೆ ಹೊಸ್ತಿಲಿಗೆ ಬರುವವರೆಗೆ.

ಪರ ಪಕ್ಷದ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾರೆ: ದಾರಿ ತೋರಿಸದಿದ್ದರೆ ಜನ ತಂತಿಗೆ ಕರೆಂಟು ಬಿಡುತ್ತಾರೆ. ಆ ದಾರಿ ಮನೆಗೊಂದು ಬಂದೂಕು ಅಲ್ಲ. ಕೇರಳ 2022ರಲ್ಲಿ ಕಾಡುಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥವರಿಗೆ ವಹಿಸಿತು. ಹೊಡೆಯುವುದು ಪಟ್ಟಿಯಲ್ಲಿರುವ ಪರವಾನಗಿದಾರರ ಕೆಲಸ. ಅಭಯಾರಣ್ಯದ ಪಕ್ಕ ಅದನ್ನು ಹಾಗೆಯೇ ತರಲಾಗದು, ನಿಜ. ಆದರೂ ದೇವರಗುಡ್ಡದ ರೈತರು ಅರ್ಜಿ ಬರೆಯುವುದಾದರೆ ಬಂದೂಕಿಗಿಂತ ಮೊದಲು ಬರೆಯಬೇಕಾದದ್ದು ಇದನ್ನು: ಹಂದಿ ನುಗ್ಗಿದ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಅವರು ಎಷ್ಟು ಹೊತ್ತಿನಲ್ಲಿ ಹೊಲಕ್ಕೆ ಬರುತ್ತಾರೆ.