ಸಮುದ್ರಕ್ಕೆ ಬಾಗಿಲಿಲ್ಲ, ಮ್ಯೂಸಿಯಂಗೆ ಬಾಗಿಲುಂಟು



"ದೇಶ ಸುತ್ತಬೇಕು, ಕೋಶ ಓದಬೇಕು" ಎಂದು ಹಿರಿಯರು ಹೇಳಿದ್ದಾರೆ. ಈ ವರ್ಷ ನಾವು ಶಾಲಾ ಪ್ರವಾಸಕ್ಕೆ ಪುದುಚೇರಿಗೆ ಹೋಗಿದ್ವಿ. ದೇಶ ಸುತ್ತಿದ್ದು ನಿಜ. ಆದರೆ ಸರಿಯಾಗಿ ಸುತ್ತಿದೆವಾ? ಇದೇ ನನ್ನ ಪ್ರಶ್ನೆ.

ಪುದುಚೇರಿ ಬಹಳ ಕಾಲ ಫ್ರೆಂಚರ ಕೈಯಲ್ಲಿದ್ದ ಊರು. 1954ರ ನವೆಂಬರ್ 1ರಂದು ಅದರ ಆಡಳಿತ ಭಾರತಕ್ಕೆ ಬಂತು. ಈಗ ದೇಶದ ಎಲ್ಲಾ ಕಡೆಯಿಂದ ಜನ ಸಮುದ್ರ ನೋಡಲು ಅಲ್ಲಿಗೆ ಬರುತ್ತಾರೆ. ನಾವೂ ದಡದಲ್ಲಿ ಮೂರು ಗಂಟೆ ಇದ್ವಿ. ಗಾಂಧೀಜಿ ಪ್ರತಿಮೆ ಹತ್ತಿರ ಫೋಟೋ ತೆಗೆಸಿಕೊಂಡ್ವಿ, ಐಸ್‌ಕ್ರೀಂ ತಿಂದ್ವಿ. ಮ್ಯೂಸಿಯಂಗೆ ಕೊಟ್ಟಿದ್ದು ಬರೀ ಅರ್ಧ ಗಂಟೆ. "ಲೈನಲ್ಲಿ ಬನ್ನಿ, ಏನೂ ಮುಟ್ಬೇಡಿ, ಬೇಗ ಬೇಗ ನಡೀರಿ" ಎಂಬ ಮಾತು ಕೇಳಿದ್ದು ನೆನಪಿದೆ. ನೋಡಿದ್ದು ನೆನಪಿಲ್ಲ.

ಒಂದು ಮಾತ್ರ ನೆನಪಿದೆ. ಗಾಜಿನ ಪೆಟ್ಟಿಗೆಯೊಳಗೆ ಮಡಿಕೆ ಚೂರುಗಳನ್ನು ಜೋಡಿಸಿಟ್ಟು 'ಅರಿಕಮೇಡು' ಅಂತ ಬರೆದಿದ್ದರು. ನಮ್ಮಲ್ಲೊಬ್ಬ, "ಇಂಥಾ ಬೋಕಿ ನಮ್ಮ ಹೊಲದಾಗೆ ಬುಟ್ಟಿಗಟ್ಟಲೆ ಸಿಗ್ತಾವೆ, ಇದಕ್ಕೆ ಗಾಜಿನ ಪೆಟ್ಟಿಗೆ ಬೇರೆ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರಿಗೆ ಬಂದ ಮೇಲೆ ಸಮಾಜ ಮೇಷ್ಟ್ರ ಹತ್ತಿರ ಆ ಹೆಸರು ಕೇಳಿದೆ. ಅವರು ಹೇಳಿದ್ದನ್ನು ಕೇಳಿ ನಾಚಿಕೆಯಾಯಿತು. ಅರಿಕಮೇಡು ಪುದುಚೇರಿಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಹೊಳೆ ದಂಡೆಯ ಮೇಲಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅದು ಬಂದರು. ಅಲ್ಲಿ ಗಾಜಿನ ಮಣಿ, ಕಲ್ಲಿನ ಮಣಿ ತಯಾರಾಗುತ್ತಿದ್ದವು. ರೋಮ್ ದೇಶದ ಜೊತೆ ವ್ಯಾಪಾರವಿತ್ತು. 1945ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವ ವಿದ್ವಾಂಸರು ಅಲ್ಲಿ ಅಗೆಸಿದರು. ಇಟಲಿಯಲ್ಲಿ ಮಾಡಿದ ಕೆಂಪು ಪಾತ್ರೆಯ ಚೂರುಗಳು ಸಿಕ್ಕವು. ಆ ಪಾತ್ರೆಗಳ ಕಾಲ ಮೊದಲೇ ಗೊತ್ತಿತ್ತು. ಹಾಗಾಗಿ ಅದೇ ಮಣ್ಣಿನ ಪದರದಲ್ಲಿ ಸಿಕ್ಕ ಬೇರೆ ಮಡಿಕೆಗಳ ಕಾಲವೂ ತಿಳಿಯಿತು. ಅವುಗಳಲ್ಲಿ ಒಂದು ಜಾತಿಯ ತಟ್ಟೆ ಇತ್ತು. ಅದರ ಒಳತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಕಚ್ಚಿನ ಗೆರೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. 1947ರಲ್ಲಿ ಅದೇ ವೀಲರ್ ನಮ್ಮ ಮೊಳಕಾಲ್ಮೂರು ತಾಲ್ಲೂಕಿಗೇ ಬಂದರು! ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿ ಅಗೆಸಿದರು. ಅಲ್ಲಿಯೂ ಅದೇ ಕಚ್ಚುಗೆರೆಯ ತಟ್ಟೆಯ ಚೂರು ಸಿಕ್ಕಿತು. ಚಿತ್ರದುರ್ಗದ ಹತ್ತಿರ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯವೇ ಸಿಕ್ಕಿತು. ಸಮುದ್ರದ ಊರಿನ ಮಡಿಕೆ ಚೂರು ನಮ್ಮ ಬೆಟ್ಟದ ವಯಸ್ಸು ಹೇಳಿತು. ನಾವು ಅದನ್ನು ನೋಡಿ ನಕ್ಕು ಬಂದೆವು.

ಕೆಲವರು ಕೇಳಬಹುದು: "ಮಕ್ಕಳು ಸಮುದ್ರ ನೋಡಿದ್ದೇ ಮೊದಲ ಸಲ, ಆಡಲಿ ಬಿಡಿ." ಒಪ್ಪುತ್ತೇನೆ. ನಾನೂ ಅವತ್ತೇ ಮೊದಲು ಸಮುದ್ರ ನೋಡಿದ್ದು. ಅದರ ಮುಂದೆ ನಿಂತಾಗ ಮಾತೇ ಹೊರಡಲಿಲ್ಲ. ಆದರೆ ಸಮುದ್ರಕ್ಕೆ ಬಾಗಿಲಿಲ್ಲ, ಸಂಜೆ ಹೋದರೂ ಇರುತ್ತದೆ. ಮ್ಯೂಸಿಯಂ ಬಾಗಿಲು ಹಾಕಿಬಿಡ್ತಾರೆ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ಬ್ರಿಟಿಷರಿಂದ ತಪ್ಪಿಸಿಕೊಂಡು 1908ರಿಂದ 1918ರವರೆಗೆ ಆ ಊರಲ್ಲಿದ್ದರು. ಅವರಿದ್ದ ಮನೆ ಈಗ ಮ್ಯೂಸಿಯಂ ಆಗಿದೆ. ಹೊತ್ತಾಯಿತೆಂದು ನಾವು ಬಸ್ಸಿಂದ ಇಳಿಯಲೇ ಇಲ್ಲ.

ಇನ್ನೊಂದು ವಿಷಯ. ದುಡ್ಡು ಹೊಂದಿಸಲಾಗದೆ ನಮ್ಮ ತರಗತಿಯ ಕೆಲವರು ಪ್ರವಾಸಕ್ಕೆ ಬರಲಿಲ್ಲ. "ಏನು ನೋಡಿದ್ರಿ?" ಅಂತ ಅವರು ಕೇಳಿದಾಗ ನಾವು ಅಲೆ, ಐಸ್‌ಕ್ರೀಂ ಬಿಟ್ಟು ಬೇರೇನೂ ಹೇಳಲಿಲ್ಲ. ಇದು ಅವರಿಗೆ ಮಾಡಿದ ಮೋಸವಲ್ಲವೇ?

ಆದ್ದರಿಂದ ಗುರುಗಳಲ್ಲಿ ನನ್ನ ಮೂರು ಕೋರಿಕೆ. ಒಂದು, ಮುಂದಿನ ಪ್ರವಾಸದಲ್ಲಿ ಬೆಳಗ್ಗೆಯೇ ಮ್ಯೂಸಿಯಂ, ಸಂಜೆಗೆ ಸಮುದ್ರ ಇರಲಿ. ಎರಡು, ಒಬ್ಬೊಬ್ಬರೂ ಒಂದೇ ಒಂದು ವಸ್ತುವನ್ನು ಚೆನ್ನಾಗಿ ನೋಡಿ ಹತ್ತು ಸಾಲು ಬರೆದು ಈ ಗೋಡೆ ಪತ್ರಿಕೆಗೆ ಹಾಕಲಿ. ಬಾರದವರೂ ಓದಲಿ. ಮೂರು, ಬ್ರಹ್ಮಗಿರಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಅದಕ್ಕೆ ಹೆಚ್ಚು ದುಡ್ಡೂ ಬೇಡ.

ಗೆಳೆಯರೇ, ನಿಮಗೂ ಒಂದು ಮಾತು. ನಿಧಿ ಆಸೆಗೆ ಹಳೇ ದಿಬ್ಬ, ಕಲ್ಲುಗೋರಿ ಅಗೆಯುವವರಿದ್ದಾರೆ. ಅಗೆದರೆ ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ ಆಗಿಬಿಡುತ್ತದೆ. ಆಮೇಲೆ ಯಾವ ವೀಲರ್ ಬಂದರೂ ಕಾಲ ಹೇಳಲಾರ. ನಾವು ಕುಂಟೆಬಿಲ್ಲೆ ಆಡೋ ಬೋಕಿ ಎಷ್ಟು ಹಳೆಯದೋ ಯಾರು ಬಲ್ಲರು? ಹಳೇ ಜಾಗದಲ್ಲಿ ಏನಾದರೂ ಕಂಡರೆ ಕೀಳಬೇಡಿ, ಮೇಷ್ಟ್ರಿಗೆ ಹೇಳಿ.

ಇದು ನನ್ನ ಅನಿಸಿಕೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ