ಚೆಂಡಿನ ಸದ್ದು ಕೇಳಿ...

ಆಟದ ಪಿರಿಯಡ್ ಬಂತೆಂದರೆ ಕಣ್ಣು ಕಾಣದ ಹುಡುಗನನ್ನು ಮರದಡಿ ಕೂರಿಸಿಬಿಡುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. 'ಬಿದ್ದು ಪೆಟ್ಟಾದರೆ?' ಎಂಬ ಹೆತ್ತವರ ಅಂಜಿಕೆಯೂ ಅದಕ್ಕೆ ಜೊತೆಯಾಗುತ್ತದೆ.

ಈ ಅಂಜಿಕೆಗೆ ಉತ್ತರ ಗುಡವಿಯ ಮಕ್ಕಳಿಗೆ ತಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಶೇಖರ್ ನಾಯ್ಕ್ ಕ್ರಿಕೆಟ್ ಕಲಿತದ್ದು ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ಅವರೇ ನಾಯಕರು. 2017ರಲ್ಲಿ ಪದ್ಮಶ್ರೀಯೂ ಬಂತು. ದೇಶದಲ್ಲಿ ಈ ಆಟಕ್ಕೆ ಬೆನ್ನೆಲುಬಾಗಿ ನಿಂತದ್ದು, ಸ್ವತಃ ದೃಷ್ಟಿಹೀನರಾದ ಮಹಾಂತೇಶ್ ಗೆಳೆಯರೊಡನೆ 1997ರಲ್ಲಿ ಕಟ್ಟಿದ ಬೆಂಗಳೂರಿನ ಸಮರ್ಥನಂ ಸಂಸ್ಥೆ.

ಆಟದಲ್ಲಿ ಬದಲಿಸಿದ್ದು ಸ್ವಲ್ಪವೇ. ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳಿರುತ್ತವೆ. ಉರುಳಿದರೆ ಗಲಗಲ ಸದ್ದು. ಬೌಲರ್ 'ರೆಡಿ?' ಎಂದು ಕೇಳಿ, 'ಪ್ಲೇ' ಎನ್ನುತ್ತ ಕೈ ಕೆಳಗಿನಿಂದ ಎಸೆಯುತ್ತಾನೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು. ಅವರು ಹೊಡೆದ ಪ್ರತಿ ರನ್ನಿಗೆ ಎರಡರ ಬೆಲೆ.

ಅಂಗವಿಕಲ ಮಕ್ಕಳಿಗೆ ಆಟದಲ್ಲೂ ಸಮಾನ ಅವಕಾಶ ಕೊಡಬೇಕೆಂದು 2016ರ ಕಾಯ್ದೆ ಶಾಲೆಗಳಿಗೆ ಹೇಳಿದೆ. ಮೇಷ್ಟ್ರ ಬಳಿ ಆಟದಿಂದ ವಿನಾಯಿತಿ ಕೇಳುವ ಮೊದಲು ಹೆತ್ತವರು ಸದ್ದಿನ ಚೆಂಡೊಂದನ್ನು ಕೇಳಲಿ. ಉಳಿದ ಮಕ್ಕಳೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಓವರ್ ಆಡಿ ನೋಡಲಿ.